ಸಮಸ್ಯೆ: ‘ಮುರಿದರೆ ಗೆಳೆತನ ಗಟ್ಟಿ’

ನಡೆಸುವವರು: ಮೇಲೆ ಕೊಟ್ಟ ಸಮಸ್ಯೆಯೇ ಪದ್ಯದ ಕೊನೆಯ ಸಾಲಾಗಬೇಕು, ಅದಕ್ಕೆ ಒಪ್ಪುವ ಮುಂಚಿನ ಮೂರು ಸಾಲು ನೀವು ಕಟ್ಟಬೇಕು. ಈ ಸಲದ ಮಟ್ಟು ಡೆನ್ಮಾರ್ಕಿನದು. ಸ್ಕಾಟ್ಲೆಂಡಿನ ಕವಿ ರಾಬರ್ಟ್ ಬರ್ನ್ಸ್‌ನ ‘ಆಲ್ಡ್ ಲ್ಯಾಂಗ್ ಸೈನ್’ ಹಾಡನ್ನು ಡೇನಿಷ್ ಕವಿ ಯೆಪ್ಪೆ ಓಕ್ಯೇರ್ (1866–1930) ತನ್ನ ಯುಟ್‌ಲ್ಯಾಂಡ್ ಸೀಮೆಯ ಆಡುಮಾತಿಗೆ ತಂದ. ಅದರ ಮೊದಲ ನುಡಿ:

ಸ್ಕುಲ್ ಗಮ್ಮೆಲ್ ವೆನ್‌ಸ್ಕಾಬ್ ರೈನ್ ಫೊರ್ಗೋ
ಓ ಸ್ಟ್ರೂಯೆಸ್ ಫ್ರಾ ವೊರ್ ಮಿನ್
ಸ್ಕುಲ್ ಗಮ್ಮೆಲ್ ವೆನ್‌ಸ್ಕಾಬ್ ರೈನ್ ಫೊರ್ಗೋ
ಮೆ ದೆಮ್ ದಾವ್ ಸೊ ಲೆಂಗ್ ಲೆಂಗ್ ಸಿನ್

ಹಳೆಯ ಗೆಳೆತನ ಪೂರ್ತಿ ಅಳಿದುಹೋಗಬೇಕೇ, ಮನಸ್ಸಿನಿಂದ ಒರೆಸಿಹೋಗಬೇಕೇ, ಬಹಳ ಬಹಳ ಹಿಂದಿನ ಆ ದಿನಗಳ ಜೊತೆಗೇ? ಇಷ್ಟೇ ಅರ್ಥ.

ಅಲ್ಲಿ ಮಾತ್ರೆ ಎಣಿಸುವುದಿಲ್ಲ, ಒತ್ತು ಎಣಿಸುತ್ತಾರೆ. ಸಾಲಿಗೆ 4, 3, 4, 3. ನಾವು ಒತ್ತಿಗೊಂದು ನಾಲ್ಕು ಮಾತ್ರೆಯ ಗಣ ಇಟ್ಟುಕೊಳ್ಳೋಣ. ಗಿಡ್ಡ ಸಾಲಿನ ಕೊನೆಯ ಗಣ ಮೂರು ಮಾತ್ರೆ ಇದ್ದರೆ ಸಾಕು, ಹಾಡುವಾಗ ಎಳೆದುಕೊಳ್ಳಬಹುದು. 2 ಮತ್ತು 4ಕ್ಕೆ ಅಂತ್ಯಪ್ರಾಸ. ಮೂರನೆಯ ಸಾಲು ಮೊದಲನೆಯದೇ, ಒಂದಕ್ಷರ ಬದಲಾಗಬಾರದು.

ಗಣಪಾಠಿ: ಸಾರ್, ಕೊನೆಯ ಸಾಲಲ್ಲಿ ಒಂದಕ್ಷರ ಜಾಸ್ತಿ ಇದೆ ಅಲ್ವಾ? ಎರಡನೆಯದು ಆರು, ಇದು ಏಳು.

ನಡೆಸುವವರು: ಇದೆ. ‘ಮೆ ದೆಮ್’ ಎರಡನ್ನೂ ಬೇಗ ದಾಟಿ ‘ದಾವ್’ ಮೇಲೆ ಒತ್ತು ಬೀಳುತ್ತದೆ. ಒತ್ತು ಮೂರೇ. ನಮ್ಮಲ್ಲಿ ಈ ರಿಯಾಯಿತಿ ಇಲ್ಲ.

ಹೊಸಬ: ಎರಡನೆಯ ಸಾಲಿಗೆ ‘ಹಂಚಿಕೊ ಜೋಳದ ಹಿಟ್ಟು’ ಅಂತ ಹಾಕಿದರೆ?

ಗಣಪಾಠಿ: ಮಾತ್ರೆ ಸರಿ ಇದೆ, ಪ್ರಾಸ ಕೂಡಲಿಲ್ಲ. ಸಾಲಿನ ಎರಡನೆಯ ಅಕ್ಷರಕ್ಕೆ ಬರುವ ಆದಿಪ್ರಾಸಕ್ಕೆ ವ್ಯಂಜನ ಒಂದಾದರೆ ಸಾಕು, ‘ಹಿಟ್ಟು’ವಿಗೆ ‘ಗಟ್ಟಿ’ ನಡೆಯುತ್ತಿತ್ತು. ಕೊನೆಯಲ್ಲಿ ಸ್ವರವೂ ಕೂಡಬೇಕು. ಅಲ್ಲಿ ನೋಡಿ, ‘ಮಿನ್’ಗೆ ‘ಸಿನ್’. ನನ್ನದು:

ನಿನ್ನದೆ ತಪ್ಪೋ ನನ್ನದೆ ತಪ್ಪೋ
ಮೌನದ ಗೋಡೆಯ ಕಟ್ಟಿ
ನಿನ್ನದೆ ತಪ್ಪೋ ನನ್ನದೆ ತಪ್ಪೋ
ಮುರಿದರೆ ಗೆಳೆತನ ಗಟ್ಟಿ

ಬೆಳವಲದವಳು: ಗೋಡೆ ಚೆನ್ನಾಗಿದೆ, ಆದರೆ ಎಲ್ಲರೂ ಕಟ್ಟಿದ್ದೇ. ನಾನು ಆ ಹಿಟ್ಟನ್ನೇ ತಟ್ಟಿದೆ:

ಗೆಳೆಯಾ ಬಾರೋ ಹತ್ತಿರ ಕೂರೋ
ಬುತ್ತಿಯೊಳೊಂದೇ ರೊಟ್ಟಿ
ಗೆಳೆಯಾ ಬಾರೋ ಹತ್ತಿರ ಕೂರೋ
ಮುರಿದರೆ ಗೆಳೆತನ ಗಟ್ಟಿ

ನಡೆಸುವವರು: ಆಹಾ! ನನ್ನ ಓಟು ಇದಕ್ಕೇ. ಮುರಿಯುವುದು ಏನನ್ನು ಅಂತ ಹೇಳದೆಯೇ ಸಮಸ್ಯೆ ಬಿಡಿಸಿದ್ದೀರಿ. ಅದಕ್ಕಿಂತ ಮೂರನೆಯ ಸಾಲು ನೋಡಿ. ಮೊದಲ ಸಲ ಸುಮ್ನೆ ಕರೆದ ಹಾಗಿದೆ. ಒಂದೇ ರೊಟ್ಟಿ ಅಂತ ಗೊತ್ತಾದ ಮೇಲೂ ‘ಹತ್ತಿರ ಕೂರೋ’ ಅಂದರೆ ಅದರ ತೂಕವೇ ಬೇರೆ. ಓಕ್ಯೇರನಲ್ಲೂ ಹಾಗೇ. ಮೊದಲ ಸಲ ಪ್ರಶ್ನೆ ಗೆಳೆತನದ್ದು. ಎರಡನೆಯ ಸಲ ಅದೇ ಮಾತು ಹಳೆಯ ದಿನಗಳನ್ನೂ ಎಳೆದುಕೊಂಡು ಬರುತ್ತದೆ. ಗಣಪಾಠಿಗಳೇ, ನಿಮ್ಮ ‘ತಪ್ಪೋ’ ಎರಡು ಸಲವೂ ಒಂದೇ ದನಿಯಲ್ಲಿದೆ.

ಗಣಪಾಠಿ: ಒಪ್ಪಿದೆ ಸಾರ್. ಆದರೆ ಮೇಡಂ, ‘ಬುತ್ತಿಯೊಳೊಂದೇ’ ಗಣದ ನಡುವೆ ಒಡೆಯುತ್ತಿದೆ. ‘ಬುತ್ತಿಯೊ’, ‘ಳೊಂದೇ’.

ಬೆಳವಲದವಳು: ಒಡೆಯಲಿ ಬಿಡ್ರಿ. ಸಮಸ್ಯೆಯೇ ಮುರಿಯೋದರ ಬಗ್ಗೆ!