ಕುಡಿತ ಬಿಡೋಕೆ ಗುಂಪು ಹುಡುಕುತ್ತಿದ್ದೇನೆ, ಹೋಗಿ ಬಂದವರು ಹೇಳಿ

ದಿನಾ ಸಂಜೆ ಕುಡಿಯುವುದು ರೂಢಿಯಾಗಿ ವರ್ಷಗಳೇ ಆದವು. ಬಿಡಬೇಕು ಅಂತ ನಿಜವಾಗಿ ಅನಿಸಿದೆ, ಆದರೆ ಒಬ್ಬನೇ ಹೊರಟರೆ ವಾರ ದಾಟುವುದಿಲ್ಲ. ಹತ್ತಿರದ ಗುಂಪು ಹುಡುಕುವುದು ಹೇಗೆ? ಒಳಗೆ ಏನು ನಡೆಯುತ್ತೆ? ಪರಿಚಯದವರು ಸಿಕ್ಕಿಬಿಟ್ಟರೆ? ದೇವರನ್ನು ನಂಬಲೇಬೇಕಾ? ಗೊತ್ತಿದ್ದವರು ದಯವಿಟ್ಟು ಬರೆಯಿರಿ.

*

ಸರ್, ಗುಂಪಿಗೆ ಖಂಡಿತ ಹೋಗಿ. ಆದರೆ ದಿನಾ ಕುಡಿಯುವವರು ಒಮ್ಮೆಲೇ ನಿಲ್ಲಿಸುವ ಮುಂಚೆ ಡಾಕ್ಟರ್ ಹತ್ತಿರ ಮಾತಾಡಬೇಕು. ಬೆಳಿಗ್ಗೆ ಎದ್ದಾಗ ಕೈ ನಡುಗುತ್ತಾ, ಬೆವರುತ್ತಾ? ಹಾಗಿದ್ದರೆ ಇದನ್ನು ಮುಂದೂಡಲೇಬೇಡಿ. ನಿಲ್ಲಿಸಿದ ಮೊದಲ ಎರಡು ದಿನದಲ್ಲಿ ಫಿಟ್ಸ್ ಬರಬಹುದು. ಎರಡರಿಂದ ನಾಲ್ಕು ದಿನದ ಹೊತ್ತಿಗೆ ಕೆಲವರಿಗೆ ಜ್ವರ, ಗಾಬರಿ, ಇಲ್ಲದ್ದು ಕಾಣುವುದು ಶುರುವಾಗುತ್ತದೆ, ಅದಕ್ಕೆ ಚಿಕಿತ್ಸೆ ಸಿಗದಿದ್ದರೆ ಪ್ರಾಣಕ್ಕೇ ಅಪಾಯ. ನಮ್ಮಣ್ಣ ಹಾಸಿಗೆಯಲ್ಲಿ ಕೂತು, ಹೊದಿಕೆ ಮೇಲೆ ಇಲ್ಲದ ಹುಳುಗಳನ್ನು ಒಂದೊಂದೇ ಹೆಕ್ಕಿ ನೆಲಕ್ಕೆ ಹಾಕುತ್ತಿದ್ದ. ಸಮಯಕ್ಕೆ ಆಸ್ಪತ್ರೆಗೆ ಸೇರಿಸಿದ್ದಕ್ಕೆ ಉಳಿದ. ಆಮೇಲೆ ಅವನನ್ನು ಕುಡಿಯದ ಹಾಗೆ ಹಿಡಿದು ನಿಲ್ಲಿಸಿದ್ದು ಗುಂಪು. ಎರಡೂ ಬೇಕು.

*

ಮೇಲೆ ಹೇಳಿದ್ದು ನೂರಕ್ಕೆ ನೂರು ಸರಿ. ಇನ್ನು ಗುಂಪಿನ ವಿಷಯ ಸ್ವಲ್ಪ ಉದ್ದಕ್ಕೇ ಬರೆಯುತ್ತೇನೆ.

ಜಾಸ್ತಿ ಕಡೆ ಸಿಗುವುದು ಆಲ್ಕೋಹಾಲಿಕ್ಸ್ ಅನಾನಿಮಸ್, ಅಂದರೆ ಎ.ಎ. 1935ರಲ್ಲಿ ಅಮೆರಿಕದ ಆಕ್ರಾನ್‌ನಲ್ಲಿ ಬಿಲ್ ವಿಲ್ಸನ್ ಮತ್ತು ಡಾಕ್ಟರ್ ಬಾಬ್ ಸ್ಮಿತ್ ಅಂತ ಇಬ್ಬರು, ಕುಡಿತದಿಂದ ಪೂರ್ತಿ ಸೋತವರು, ಒಬ್ಬರಿಗೊಬ್ಬರು ಆಸರೆಯಾಗಿ ನಿಂತು ಕುಡಿತ ಬಿಟ್ಟರು, ಎ.ಎ. ಶುರುವಾಗಿದ್ದು ಹಾಗೆ. ಇವತ್ತಿಗೂ ಅಲ್ಲಿ ನಡೆಯುವುದು ಅಷ್ಟೇ, ಕುಡಿದು ಗೊತ್ತಿರುವವರು ಕುಡಿಯುವವರ ಜೊತೆ ಮಾತಾಡುವುದು. ಕುಡಿತ ಬಿಡುವ ಮನಸ್ಸಿದ್ದರೆ ಸಾಕು, ಬೇರೆ ಷರತ್ತಿಲ್ಲ, ಫೀಸೂ ಇಲ್ಲ.

ಅವರ ವೆಬ್‌ಸೈಟಿನಲ್ಲಿ ಮೀಟಿಂಗ್‌ಗಳ ಪಟ್ಟಿ ಇರುತ್ತೆ. ಆದರೆ ಸುಮ್ನೆ ಪಟ್ಟಿ ನಂಬಿ ಹೊರಡಬೇಡಿ, ಜಾಗ ಸಮಯ ಬದಲಾಗಿರಬಹುದು. ಧೈರ್ಯ ಮಾಡಿ ಹೋದವರು ಬೀಗ ಹಾಕಿದ ಬಾಗಿಲು ನೋಡಿ ವಾಪಸ್ ಬಂದರೆ ಎರಡನೇ ಸಲ ಹೊರಡುವುದು ತುಂಬಾ ಕಷ್ಟ. ಸಹಾಯವಾಣಿಗೆ ಒಂದು ಫೋನ್ ಮಾಡಿ. ಎಷ್ಟೋ ಕಡೆ ಫೋನ್ ಎತ್ತುವವರೂ ಕುಡಿತ ಬಿಟ್ಟ ಸದಸ್ಯರೇ. ಓಪನ್ ಮೀಟಿಂಗಾ ಕ್ಲೋಸ್ಡಾ ಅಂತ ಕೇಳಿ. ಓಪನ್ ಆದರೆ ಮನೆಯವರನ್ನೂ ಕರೆದುಕೊಂಡು ಹೋಗಬಹುದು, ಕ್ಲೋಸ್ಡ್ ಕುಡಿತದ ಸಮಸ್ಯೆ ಇರುವವರಿಗೆ ಮಾತ್ರ.

ಒಳಗೆ ಹೋದರೆ ಯಾರೋ ಒಬ್ಬರು ನಡೆಸಿಕೊಡುತ್ತಾರೆ, ಸ್ವಲ್ಪ ಓದುತ್ತಾರೆ, ಆಮೇಲೆ ಒಬ್ಬೊಬ್ಬರೇ ತಮ್ಮ ಕಥೆ ಹೇಳುತ್ತಾರೆ. ಸಾಮಾನ್ಯವಾಗಿ ಮಧ್ಯೆ ಯಾರೂ ಬಾಯಿ ಹಾಕುವುದಿಲ್ಲ, ಬುದ್ಧಿ ಹೇಳುವುದಿಲ್ಲ. ನಿಮ್ಮ ಸರದಿ ಬಂದಾಗ ಬರೀ ಹೆಸರು ಹೇಳಿ, "ಇವತ್ತು ಕೇಳಿಸಿಕೊಳ್ತೀನಿ" ಅಂದರೆ ಸಾಕು. ಕೊನೆಗೆ ದುಡ್ಡಿನ ಡಬ್ಬಿ ಬರುತ್ತೆ, ಹಾಕಿದರೂ ಆಯ್ತು ಬಿಟ್ಟರೂ ಆಯ್ತು. ಪರಿಚಯದವರು ಸಿಕ್ಕರೆ ಅವರೂ ಅದೇ ಕಾರಣಕ್ಕೆ ಬಂದಿರುತ್ತಾರೆ ಅಲ್ವಾ! ಅಲ್ಲಿ ಯಾರನ್ನು ನೋಡಿದೆ, ಏನು ಕೇಳಿದೆ ಅನ್ನುವುದನ್ನು ಹೊರಗೆ ಆಡಬಾರದು ಅನ್ನುವ ಕಟ್ಟುಪಾಡು ಇದೆ.

ನನ್ನ ಪ್ರಕಾರ ಅಸಲು ವಿಷಯ ಮೀಟಿಂಗ್ ಮುಗಿದ ಮೇಲಿನ ಹತ್ತು ನಿಮಿಷ. ಹೊಸಬರು ಚಪ್ಪಲಿ ಮೆಟ್ಟಿಕೊಂಡು ಓಡಿಬಿಡುತ್ತಾರೆ. ಓಡಬೇಡಿ. ಅಲ್ಲೇ ನಿಲ್ಲಿ, ಇಬ್ಬರು ಮೂವರ ನಂಬರ್ ತೆಗೆದುಕೊಳ್ಳಿ. ಕುಡಿಯಬೇಕು ಅಂತ ಜೀವ ಹಾತೊರೆಯುವಾಗ ಮೀಟಿಂಗ್ ಇರುವುದಿಲ್ಲ, ಆ ನಂಬರ್ ಇರುತ್ತೆ. ನಾನು ರಾತ್ರಿ ಮಾಡಿದ ಫೋನ್‌ಗಳಿಗೆ ಯಾರೂ ಬೇಜಾರು ಮಾಡಿಕೊಂಡಿಲ್ಲ. ಕೆಲವು ತಿಂಗಳಾದ ಮೇಲೆ, ಹಳಬರಲ್ಲಿ ಒಬ್ಬರನ್ನು ಸ್ಪಾನ್ಸರ್, ಅಂದರೆ ಜೊತೆಗಿದ್ದು ದಾರಿ ತೋರಿಸುವವರು, ಆಗ್ತೀರಾ ಅಂತ ಕೇಳಿದೆ, ಖುಷಿಯಿಂದ ಒಪ್ಪಿದರು. ಮೊದಲ ಗುಂಪು ಹಿಡಿಸದಿದ್ದರೆ ಇನ್ನೊಂದಕ್ಕೆ ಹೋಗಿ. ಒಂದು ಗುಂಪಿನ ಹಾಗೆ ಇನ್ನೊಂದು ಇರುವುದಿಲ್ಲ.

*

ದೇವರ ಬಗ್ಗೆ ಕೇಳಿದ್ದೀರಿ. ನಾನು ನಂಬುವವನಲ್ಲ. ಕುಡಿತ ಬಿಡೋಕೆ ಎ.ಎ. ಹಾಕಿಕೊಟ್ಟ 12 ಹೆಜ್ಜೆಗಳಲ್ಲಿ ದೇವರ ಮಾತು ಬರುತ್ತೆ, ಆದರೆ "ನಾವು ಅರಿತುಕೊಂಡ ಹಾಗಿನ ದೇವರು" ಅಂತ. ಗುಂಪನ್ನೇ ತಮಗಿಂತ ದೊಡ್ಡ ಶಕ್ತಿ ಅಂದುಕೊಂಡು ನಡೆಯುವವರು ಬೇಕಾದಷ್ಟು ಜನ ಇದ್ದಾರೆ. ನನಗೆ ಒಗ್ಗಲಿಲ್ಲ, ಹಾಗಾಗಿ ಸ್ಮಾರ್ಟ್ ರಿಕವರಿ ಅನ್ನುವ ಬೇರೆ ಗುಂಪಿಗೆ ಹೋದೆ. 1994ರಿಂದ ನಡೆಯುತ್ತಿದೆ, ಅಲ್ಲಿ ದೇವರಿಲ್ಲ, ಆಸೆ ಬಂದಾಗ ಅದನ್ನು ಹೇಗೆ ದಾಟಬೇಕು ಅನ್ನುವುದನ್ನು ಅಭ್ಯಾಸ ಮಾಡಿಸುತ್ತಾರೆ. ಆನ್‌ಲೈನ್ ಮೀಟಿಂಗ್ ಕೂಡ ಇವೆ. ಹಾಗಂತ ಎ.ಎ.ಯನ್ನು ತಳ್ಳಿಹಾಕಬೇಡಿ. ವೈದ್ಯಕೀಯ ಸಂಶೋಧನೆಗಳನ್ನು ಒಟ್ಟುಗೂಡಿಸಿ ತೂಗಿ ನೋಡುವ ಕಾಕ್ರೇನ್ ಸಂಸ್ಥೆಯ 2020ರ ವಿಮರ್ಶೆ 27 ಅಧ್ಯಯನಗಳನ್ನು ಒಟ್ಟಿಗೆ ನೋಡಿತು. ಪೂರ್ತಿ ಕುಡಿತ ಬಿಟ್ಟಿರುವ ವಿಷಯದಲ್ಲಿ ಎ.ಎ. ಮತ್ತು ಎ.ಎ.ಗೆ ಜೋಡಿಸುವ ಚಿಕಿತ್ಸೆ ಬೇರೆ ಚಿಕಿತ್ಸೆಗಳಿಗೆ ಸಮ, ಕೆಲವು ಕಡೆ ಮೇಲು ಅಂತ ಕಂಡುಬಂತು.

*

ನಾನು ಕುಡಿಯುವವಳಲ್ಲ, ನಮ್ಮ ಯಜಮಾನರು ಗುಂಪಿಗೆ ಹೋಗುತ್ತಾರೆ. ಮನೆಯವರಿಗೂ ಅಲ್-ಅನಾನ್ ಅಂತ ಬೇರೆ ಗುಂಪು ಇದೆ, 1951ರಲ್ಲಿ ಶುರುವಾದದ್ದು. ನಿಮ್ಮ ಮನೆಯವರಿಗೆ ಹೇಳಿ. ಯಜಮಾನರು ಕುಡಿತ ಬಿಡಲಿ ಬಿಡದಿರಲಿ, ನನಗೆ ರಾತ್ರಿ ನಿದ್ದೆ ಬರುವಂತಾಗಿದ್ದು ಅಲ್ಲಿಗೆ ಹೋದ ಮೇಲೆ.

*

ಎಲ್ಲರಿಗೂ ಥ್ಯಾಂಕ್ಸ್. ನಾಳೆ ಡಾಕ್ಟರ್, ಗುರುವಾರ ಮೀಟಿಂಗ್, ಫೋನ್ ಮಾಡಿ ಕೇಳಿದ್ದೇನೆ. ಒಂದೇ ಅನುಮಾನ. ಆ ದಿನ ಕುಡಿದುಬಿಟ್ಟಿದ್ದರೆ ಹೋಗಬಹುದಾ?

*

ಹೋಗಿ. ಗಲಾಟೆ ಮಾಡದಿದ್ದರೆ ಸಾಮಾನ್ಯವಾಗಿ ಯಾರೂ ಹೊರಗೆ ಕಳಿಸುವುದಿಲ್ಲ. ಮಾತಾಡುವುದು ಬೇಡ, ಹಿಂದಿನ ಕುರ್ಚಿಯಲ್ಲಿ ಕೂತು ಕೇಳಿ. ಗಾಡಿ ಮಾತ್ರ ಓಡಿಸಬೇಡಿ, ಬೆಳಿಗ್ಗೆಯೇ ಆ ಸಹಾಯವಾಣಿಗೆ ಫೋನ್ ಮಾಡಿ ಯಾರಾದರೂ ಜೊತೆಗೆ ಬರ್ತಾರಾ ಕೇಳಿ. ಎಷ್ಟೋ ಸಲ ಬರುತ್ತಾರೆ.