ಊರಿನವರ ಮಾಹಿತಿ ಸುದ್ದಿಯಾಗುವ ಬಗೆ: ಸುದ್ದಿ ಸಂಪಾದಕಿಯೊಂದಿಗೆ ಪ್ರಶ್ನೋತ್ತರ

ನಿರ್ವಾಹಕರು: ಶಿವಮೊಗ್ಗದ ಪತ್ರಿಕೆಯೊಂದರ ಸುದ್ದಿ ಸಂಪಾದಕಿ ಈ ಸಂಜೆ ಗುಂಪಿನಲ್ಲಿದ್ದಾರೆ. ಊರಿನವರು ಕಳಿಸುವ ಮಾಹಿತಿಯನ್ನು ನಂಬಲರ್ಹ ಸುದ್ದಿಯಾಗಿಸುವುದು ಹೇಗೆಂದು ಕೇಳಬಹುದು.

ಸಾಗರದ ಸದಸ್ಯರು: ಮೇಡಂ, ಧರೆ ಕುಸಿದು ರಸ್ತೆ ಮುಚ್ಚಿದ ಚಿತ್ರವನ್ನು ಹೇಗೆ ಕಳಿಸಬೇಕು?

ಸಂಪಾದಕಿ: ವಾಟ್ಸ್‌ಆ್ಯಪ್‌ನಲ್ಲಿ ಡಾಕ್ಯುಮೆಂಟ್ ಆಗಿ ಕಳಿಸಿ. ಮಾಮೂಲಿ ಚಿತ್ರವಾಗಿ ಕಳಿಸಿದರೆ ಅದರೊಳಗಿನ ದಿನಾಂಕ, ಸ್ಥಳದ ವಿವರಗಳು ಅಳಿಸಿಹೋಗುತ್ತವೆ.

ಹೊಸನಗರದ ಸದಸ್ಯರು: ನಮ್ಮ ತೋಟದಂಚಿನಲ್ಲಿ ಎರಡು ಮಂಗಗಳು ಸತ್ತು ಬಿದ್ದಿವೆ, ಪಕ್ಕದ ಮನೆಯವರಿಗೆ ಜ್ವರವಿದೆ. 'ನಮ್ಮೂರಿಗೂ ಮಂಗನ ಕಾಯಿಲೆ' ಎಂದು ವಿಡಿಯೊ ಕಳಿಸಲೇ?

ಸಂಪಾದಕಿ: ಮೊದಲು ಅಲ್ಲಿಂದ ದೂರ ಬನ್ನಿ. ಸತ್ತ ಮಂಗನ ಮೈಯಿಂದ ಇಳಿದ, ರೋಗ ಹರಡಬಲ್ಲ ಉಣ್ಣೆ ಹುಳುಗಳು ಸುತ್ತಲಿನ ತರಗೆಲೆಯಲ್ಲಿರುತ್ತವೆ. ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೆ ಈಗಲೇ ತಿಳಿಸಿ, ಜ್ವರ ಬಂದವರನ್ನು ಅಲ್ಲಿಗೆ ಕರೆದೊಯ್ಯಿರಿ. ಸುದ್ದಿ ಅದಾದ ಮೇಲೆ.

1957ರಲ್ಲಿ ಸೊರಬ ತಾಲ್ಲೂಕಿನ ಕ್ಯಾಸನೂರಿನ ಕಾಡಿನಲ್ಲಿ ಈ ರೋಗ ಪತ್ತೆಯಾದಾಗಲೂ ಎಚ್ಚರಿಸಿದ್ದು ಮಂಗಗಳ ಸಾವು. ಅದನ್ನು ಮೊದಲು ಕಾಣುವವರು ಕಾಡಂಚಿನ ನೀವೇ ಹೊರತು ಶಿವಮೊಗ್ಗದಲ್ಲಿ ಕುಳಿತ ನಾವಲ್ಲ. ಆದ್ದರಿಂದಲೇ ನಿಮ್ಮ ಮಾತು ನನಗೆ ಮುಖ್ಯ. ಆದರೆ ನಿಮಗೆ ಗೊತ್ತಿರುವುದು ಮಂಗಗಳು ಸತ್ತಿವೆ, ಒಬ್ಬರಿಗೆ ಜ್ವರವಿದೆ ಎಂಬುದಷ್ಟೆ. ಮಂಗ ವಿದ್ಯುತ್ ತಂತಿ ತಗುಲಿಯೂ ಸಾಯಬಹುದು. ರೋಗದ ಹೆಸರನ್ನು ಪ್ರಯೋಗಾಲಯದ ವರದಿ ಹೇಳಬೇಕು. ನೀವು ಕಣ್ಣಾರೆ ಕಂಡದ್ದನ್ನೂ ಇತರರಿಂದ ಕೇಳಿದ್ದನ್ನೂ ಬೇರೆ ಬೇರೆಯಾಗಿ, ಸ್ಥಳ ಮತ್ತು ಸಮಯದೊಂದಿಗೆ ಬರೆಯಿರಿ. ನಾವು ವೈದ್ಯಾಧಿಕಾರಿಯನ್ನು ವಿಚಾರಿಸಿ ಖಚಿತವಾದಷ್ಟನ್ನೇ ಅಚ್ಚು ಹಾಕುತ್ತೇವೆ, ವರದಿ ಬಂದ ದಿನ ಅದು ಏನೇ ಹೇಳಲಿ, ಅದನ್ನೂ ಪ್ರಕಟಿಸುತ್ತೇವೆ. ರೋಗಿಯ ಹೆಸರಾಗಲಿ ಮನೆಯ ಗುರುತಾಗಲಿ ವಿಡಿಯೊದಲ್ಲಿ ಬೇಡ.

ತೀರ್ಥಹಳ್ಳಿಯ ಸದಸ್ಯರು: (ಫಾರ್ವರ್ಡ್) ಈ ಕಷಾಯ ಮೂರು ದಿನ ಕುಡಿದರೆ ಮಂಗನ ಕಾಯಿಲೆ ಹತ್ತಿರ ಸುಳಿಯದು. ಪರಿಶೀಲಿಸಲಾಗಿದೆ.

ಸಂಪಾದಕಿ: ಯಾರು ಪರಿಶೀಲಿಸಿದರು, ಎಲ್ಲಿ? ಇದನ್ನು ನಂಬಿ ಒಬ್ಬರು ಆಸ್ಪತ್ರೆಗೆ ಹೋಗುವುದನ್ನು ಮೂರು ದಿನ ಮುಂದೂಡಿದರೆ ಹೊಣೆ ಯಾರದು? ದಯವಿಟ್ಟು ಅಳಿಸಿ.

ತೀರ್ಥಹಳ್ಳಿಯ ಸದಸ್ಯರು: ಹಿರಿಯರ ಔಷಧಿಯನ್ನು ಹೀಗಳೆಯಬೇಡಿ. ಪತ್ರಿಕೆಗಳು ಹಣ ಪಡೆದು ಬರೆಯುವುದಿಲ್ಲವೇ?

ಶಿಕಾರಿಪುರದ ಸದಸ್ಯರು: ಸಾರ್, ಅವರು ಹಿರಿಯರನ್ನು ಹೀಗಳೆದಿಲ್ಲ, ಬರೆದವರು ಯಾರೆಂದು ಕೇಳಿದ್ದಾರೆ. ನಿಮಗೆ ಗೊತ್ತಿದ್ದರೆ ಹೇಳಿ.

ತೀರ್ಥಹಳ್ಳಿಯ ಸದಸ್ಯರು: ನೀವು ಅವರ ಪರ ವಕಾಲತ್ತು ವಹಿಸುವ ಅಗತ್ಯವಿಲ್ಲ.

ಶಿಕಾರಿಪುರದ ಸದಸ್ಯರು: ಹೆಸರಿಲ್ಲದ ಸಂದೇಶದ ಪರ ನೀವು ವಹಿಸುತ್ತಿದ್ದೀರಲ್ಲ!

ಸಂಪಾದಕಿ: ಹಣ ಪಡೆದ ಬರಹದ ಮೇಲೆ ಜಾಹೀರಾತೆಂದು ಸ್ಪಷ್ಟವಾಗಿ ಮುದ್ರಿಸಬೇಕು, ಮುದ್ರಿಸದಿದ್ದರೆ ಭಾರತೀಯ ಪತ್ರಿಕಾ ಮಂಡಳಿಗೆ ದೂರು ಕೊಡಿ. ಅದರಿಂದ ಕಷಾಯದ ಮಾತು ನಿಜವಾಗುವುದಿಲ್ಲ.

ಭದ್ರಾವತಿಯ ಸದಸ್ಯರು: ಚರಂಡಿ ಕಾಮಗಾರಿಯಲ್ಲಿ ಹಣ ನುಂಗಿದ್ದಾರೆ. ಬರೆಯಿರಿ.

ಸಂಪಾದಕಿ: ದಾಖಲೆ ಬೇಕು. 2005ರ ಮಾಹಿತಿ ಹಕ್ಕು ಕಾಯ್ದೆಯಡಿ ಅಂದಾಜು ಪಟ್ಟಿ, ಬಿಲ್ಲುಗಳ ಪ್ರತಿ ಕೇಳಿ. 30 ದಿನಗಳೊಳಗೆ ಉತ್ತರಿಸಬೇಕು. ಆರೋಪಕ್ಕೊಳಗಾದವರ ಮಾತನ್ನೂ ನಾವು ಕೇಳುತ್ತೇವೆ.

ಸೊರಬದ ಸದಸ್ಯರು: ಚಿತ್ರ ಹೇಗೆ ಕಳಿಸಬೇಕು?

ಸಂಪಾದಕಿ: ಮೇಲೆ ಓದಿ.

ಸೊರಬದ ಸದಸ್ಯರು: ನಾನು ಕಳಿಸಿದ್ದು ತಪ್ಪಾದರೆ ಕೇಸು ಬೀಳುವುದು ನನ್ನ ಮೇಲೋ, ಪತ್ರಿಕೆಯ ಮೇಲೋ?

ತೀರ್ಥಹಳ್ಳಿಯ ಸದಸ್ಯರು: ಕಷಾಯದ ಸಂದೇಶವನ್ನು ನಾನು ಅಳಿಸುವುದಿಲ್ಲ.

ಸಂಪಾದಕಿ: ನಿರ್ವಾಹಕರೇ, ನೀವಾದರೂ ಅಳಿಸಿ. ಹೊಸನಗರದವರೇ, ಆರೋಗ್ಯ ಕೇಂದ್ರಕ್ಕೆ ಕರೆ ಮಾಡಿದಿರಾ?

ಹೊಸನಗರದ ಸದಸ್ಯರು: ಮಾಡಿದೆ ಮೇಡಂ. ಸಿಬ್ಬಂದಿ ಹೊರಟಿದ್ದಾರಂತೆ.

ಸಂಪಾದಕಿ: ಎಷ್ಟು ಹೊತ್ತಿಗೆ ಬಂದರು, ಮಾದರಿ ತೆಗೆದುಕೊಂಡರೇ ಎಂಬುದನ್ನು ಬರೆದಿಡಿ. ಗುಂಪಿಗೆ ಹಾಕಬೇಡಿ, ನನಗೆ ಕಳಿಸಿ.