ಪ್ರಶ್ನೋತ್ತರ: ಎಂಎಸ್ಸಿ ಸೈಕಾಲಜಿ ಮಾಡಿದ ಮೇಲೆ ಯಾವ ದಾರಿ?

ಅಡ್ಮಿನ್: ಸೈಕಾಲಜಿ ಓದುತ್ತಿರುವವರು, ಸೇರಬೇಕು ಅಂದುಕೊಂಡವರು ಇವತ್ತು ಕೇಳಬಹುದು. ಕ್ಲಿನಿಕಲ್ ಸೈಕಾಲಜಿಸ್ಟ್ ಶಶಿಕಲಾ ಮೇಡಂ ಬಿಡುವಾದಾಗ ಉತ್ತರಿಸುತ್ತಾರೆ. ದಯವಿಟ್ಟು ಫಾರ್ವರ್ಡ್ ಹಾಕಬೇಡಿ.

ಪ್ರವೀಣ್: ನಮಸ್ತೆ ಮೇಡಂ. ಎಂಎಸ್ಸಿ ಮುಗಿದ ಮೇಲೆ ಸ್ವಂತ ಕ್ಲಿನಿಕ್ ತೆರೆಯಬಹುದಾ?

ಶಶಿಕಲಾ: ನಮಸ್ತೆ. ಬರೀ ಎಂಎಸ್ಸಿ ಇಟ್ಟುಕೊಂಡು ‘ಕ್ಲಿನಿಕಲ್ ಸೈಕಾಲಜಿಸ್ಟ್’ ಅಂತ ಬೋರ್ಡ್ ಹಾಕುವಂತಿಲ್ಲ. ಭಾರತೀಯ ಪುನರ್ವಸತಿ ಪರಿಷತ್ತು, ಅಂದರೆ ಆರ್‌ಸಿಐ, ಒಪ್ಪಿದ ಕೋರ್ಸ್ ಮಾಡಿ ಅಲ್ಲಿ ನೋಂದಣಿ ಆಗಬೇಕು. ನಿಮ್ಹಾನ್ಸ್‌ನಂಥ ಕಡೆ ಅದು ಎರಡು ವರ್ಷದ ಎಂಫಿಲ್ ಆಗಿತ್ತು, ಹಿರಿಯರ ಕೈಕೆಳಗೆ ರೋಗಿಗಳನ್ನು ನೋಡಿಯೇ ಕಲಿಯಬೇಕಿತ್ತು. ಈಗ ಕೋರ್ಸುಗಳು ಬದಲಾಗುತ್ತಿವೆ. ಫೀಸ್ ಕಟ್ಟುವ ಮುಂಚೆ ಆರ್‌ಸಿಐ ಪಟ್ಟಿಯಲ್ಲಿ ಕಾಲೇಜಿನ ಹೆಸರು ಇದೆಯಾ ನೋಡಿ.

ಕಾವ್ಯ: ಮೇಡಂ, ನಾನು ನಾಲ್ಕನೇ ಸೆಮಿಸ್ಟರ್, ಸ್ಕೂಲ್ ಸೈಕಾಲಜಿ ಪ್ರಾಕ್ಟಿಕಲ್‌ಗೆ ಒಂದು ಶಾಲೆಗೆ ಹೋಗುತ್ತಿದ್ದೇನೆ. ಮೂರನೇ ಕ್ಲಾಸಿನ ಒಂದು ಹುಡುಗಿ, ಚೆನ್ನಾಗಿ ಓದುತ್ತಿದ್ದವಳು ಈ ವರ್ಷ ಹಿಂದೆ ಬಿದ್ದಿದ್ದಾಳೆ. ಪದ್ಯ ಹೇಳುತ್ತಾ ಹೇಳುತ್ತಾ ಮಧ್ಯೆ ನಿಂತುಬಿಡುತ್ತಾಳೆ, ಕಣ್ಣು ಒಂದೇ ಕಡೆ ನೆಟ್ಟಿರುತ್ತೆ, ಆಮೇಲೆ ಏನೂ ಆಗದವಳ ಹಾಗೆ ಮುಂದುವರಿಸುತ್ತಾಳೆ. ‘ಹಗಲುಗನಸು ಕಾಣ್ತಾಳೆ’ ಅಂತ ಟೀಚರ್ ಬೈಯ್ತಾರೆ. ಎಡಿಎಚ್‌ಡಿ (ಗಮನ ನಿಲ್ಲದ ತೊಂದರೆ) ಅಂತ ಕೇಸ್ ರಿಪೋರ್ಟ್ ಬರೆಯಲಾ? ಏಕಾಗ್ರತೆಗೆ ಯಾವ ಚಟುವಟಿಕೆ ಕೊಡಲಿ?

ನಾಗರಾಜ್: ನಮ್ಮ ಕಾಲದಲ್ಲಿ ಇದಕ್ಕೆಲ್ಲ ಒಂದು ಬೆತ್ತ ಸಾಕಿತ್ತು. ಬೆಳಿಗ್ಗೆ ಒಂದೆಲಗ ತಿನ್ನಿಸಿ, ಎಡಗೈಯಲ್ಲಿ ಬರೆಸಿ, ಎರಡೂ ಕಡೆ ಮೆದುಳು ಚುರುಕಾಗುತ್ತೆ. ವಿಡಿಯೋ ಹಾಕಿದ್ದೇನೆ.

ಶಶಿಕಲಾ: ಕಾವ್ಯ, ರಿಪೋರ್ಟ್ ಬರೆಯುವುದನ್ನು ಇಲ್ಲಿಗೇ ನಿಲ್ಲಿಸಿ. ನಾನು ಮಗುವನ್ನು ನೋಡಿಲ್ಲ, ಇಲ್ಲಿಂದ ಕಾಯಿಲೆಗೆ ಹೆಸರಿಡುವುದಿಲ್ಲ. ಆದರೆ ನೀವು ಬರೆದದ್ದು ಓದಿದರೆ ಮೊದಲು ಕಳೆಯಬೇಕಾದ ಅನುಮಾನ ಎಡಿಎಚ್‌ಡಿ ಅಲ್ಲ, ಅಬ್ಸೆನ್ಸ್ ಸೀಜರ್. ಫಿಟ್ಸ್‌ನಲ್ಲೇ ಅದೂ ಒಂದು ಬಗೆ. ಮಗು ಬೀಳುವುದಿಲ್ಲ, ಕೈಕಾಲು ಸೆಟೆಯುವುದಿಲ್ಲ, ನೊರೆ ಬರುವುದಿಲ್ಲ, ಹಾಗಾಗಿ ಯಾರಿಗೂ ಫಿಟ್ಸ್ ಅನ್ನಿಸುವುದೇ ಇಲ್ಲ. ಕೆಲವು ಸೆಕೆಂಡು ಮಗು ‘ಇರುವುದಿಲ್ಲ’, ಅಷ್ಟೇ. ರೆಪ್ಪೆ ಪಟಪಟ ಹೊಡೆದುಕೊಳ್ಳಬಹುದು. ದಿನಕ್ಕೆ ಹತ್ತಾರು ಸಲ ಆಗಬಹುದು, ಅಷ್ಟು ಸಲ ಪಾಠ ತಪ್ಪಿದರೆ ಮಾರ್ಕ್ಸ್ ಎಲ್ಲಿಂದ ಬರುತ್ತೆ? ಸಾಮಾನ್ಯವಾಗಿ ನಾಲ್ಕರಿಂದ ಹತ್ತು ವರ್ಷದೊಳಗೆ ಶುರುವಾಗುತ್ತೆ.

ಮೈಮರೆತ ಮಗುವಿಗೂ ಇದಕ್ಕೂ ವ್ಯತ್ಯಾಸ ಗಮನಿಸಿ. ಬೇಜಾರಾಗಿ ಕಿಟಕಿ ನೋಡುವ ಮಗು ಭುಜ ಮುಟ್ಟಿದರೆ ತಿರುಗುತ್ತೆ. ಇಲ್ಲಿ ಮುಟ್ಟಿದರೂ ತಿರುಗುವುದಿಲ್ಲ. ಪಾಠದಲ್ಲಿ ಮಾತ್ರ ಅಲ್ಲ, ಆಟದ ಮಧ್ಯೆ, ತುತ್ತು ಬಾಯಿಗಿಡುವಾಗಲೂ ಆಗುತ್ತೆ. ಆಗಿದ್ದು ಮಗುವಿಗೇ ಗೊತ್ತಿರುವುದಿಲ್ಲ, ಅದಕ್ಕೇ ಬೈದರೆ ಪಾಪ ಕಕ್ಕಾಬಿಕ್ಕಿ ಆಗುತ್ತೆ.

ನೀವು ವಿದ್ಯಾರ್ಥಿ. ನೇರ ಮನೆಗೆ ಹೋಗಿ ಅಪ್ಪ ಅಮ್ಮನನ್ನು ಹೆದರಿಸಬೇಡಿ. ಇವತ್ತೇ ನಿಮ್ಮ ಸೂಪರ್‌ವೈಸರ್‌ಗೆ, ಹೆಡ್‌ಮಾಸ್ಟರ್‌ಗೆ ಹೇಳಿ. ಅವರು ಪೋಷಕರನ್ನು ಕರೆಸಲಿ. ಮೊದಲು ಮಕ್ಕಳ ಡಾಕ್ಟರು, ಅಲ್ಲಿಂದ ನರರೋಗ ತಜ್ಞರು. ಇಇಜಿ, ಅಂದರೆ ಮೆದುಳಿನ ವಿದ್ಯುತ್ ಚಟುವಟಿಕೆ ನೋಡುವ ಪರೀಕ್ಷೆ, ಮಾಡಿಸುತ್ತಾರೆ. ಇದೇ ಆಗಿದ್ದರೆ ಮಾತ್ರೆಯಿಂದ ಹೆಚ್ಚಿನ ಮಕ್ಕಳಲ್ಲಿ ಹಿಡಿತಕ್ಕೆ ಬರುತ್ತೆ. ಅಲ್ಲಿವರೆಗೆ ಕೆರೆ, ಬಾವಿ ಹತ್ತಿರ ಒಬ್ಬಳನ್ನೇ ಬಿಡಬಾರದು, ರಸ್ತೆಯಲ್ಲಿ ಸೈಕಲ್ ಬೇಡ. ಓದು, ಗಮನ, ಮನಸ್ಸಿನ ಬೇಸರ, ನಮ್ಮ ಕೆಲಸ ಆಮೇಲೆ.

ನಾಗರಾಜ್ ಅವರೇ, ವಿಡಿಯೋ ತೆಗೆಯಿರಿ.

ಕಾವ್ಯ: ಮೇಡಂ, ಊಟದ ಹೊತ್ತಲ್ಲೂ ಆಗುತ್ತೆ. ಈಗ ಭಯ ಆಗ್ತಿದೆ. ಸೂಪರ್‌ವೈಸರ್‌ಗೆ ಫೋನ್ ಮಾಡ್ತೀನಿ.

ಗಿರಿಜಾ: ಫಿಟ್ಸ್ ಬಂದರೆ ಕೈಗೆ ಬೀಗದ ಕೈ ಕೊಟ್ಟರೆ ನಿಲ್ಲುತ್ತೆ, ಈರುಳ್ಳಿ ಮೂಸಿಸಬೇಕು.

ಶಶಿಕಲಾ: ನಿಲ್ಲುವುದಿಲ್ಲ. ತಾನಾಗಿ ನಿಲ್ಲುವಾಗ ನಿಮ್ಮ ಕೈಯಲ್ಲಿ ಬೀಗದ ಕೈ ಇರುತ್ತೆ, ಅಷ್ಟೇ. ಕೈಕಾಲು ಸೆಟೆಯುವ ಫಿಟ್ಸ್ ಆದರೆ ಪಕ್ಕಕ್ಕೆ ಮಲಗಿಸಿ, ಬಾಯಿಗೆ ಏನೂ ಹಾಕಬೇಡಿ, ಐದು ನಿಮಿಷ ದಾಟಿದರೆ 108ಕ್ಕೆ ಫೋನ್ ಮಾಡಿ.

ಮಂಜು: ಮೇಡಂ, ಎಂಎಸ್ಸಿ ಮಾಡಿ ಕ್ಲಿನಿಕ್ ಹಾಕಬಹುದಾ?

ಶಶಿಕಲಾ: ಮೇಲೆ ಇದೆ.

ಸಂದೀಪ್: ಫೊರೆನ್ಸಿಕ್ ಸೈಕಾಲಜಿ ಓದಿದರೆ ಪೊಲೀಸರ ಜೊತೆ ನಾರ್ಕೋ ಟೆಸ್ಟ್ ಮಾಡಬಹುದಾ?

ಶಶಿಕಲಾ: ‘ಸೆಲ್ವಿ ವಿರುದ್ಧ ಕರ್ನಾಟಕ ಸರ್ಕಾರ’ ಕೇಸಿನ ಸುಪ್ರೀಂ ಕೋರ್ಟ್ ತೀರ್ಪು ಓದಿ, 2010ರದ್ದು. ನಾರ್ಕೋ, ಸುಳ್ಳು ಪತ್ತೆ, ಬ್ರೈನ್ ಮ್ಯಾಪಿಂಗ್ ಯಾವುದನ್ನೂ ಒಪ್ಪಿಗೆ ಇಲ್ಲದೆ ಮಾಡುವಂತಿಲ್ಲ. ಟಿವಿ ನೋಡಿ ಶಾಖೆ ಆರಿಸಬೇಡಿ.

ರೂಪಾ: ಸ್ಪೋರ್ಟ್ಸ್ ಸೈಕಾಲಜಿಗೆ ನಮ್ಮಲ್ಲಿ ಕೆಲಸ ಇದೆಯಾ ಮೇಡಂ?

ಲೋಕೇಶ್: ಕ್ಲಿನಿಕಲ್ ಅಂತ ಯಾಕೆ ಒದ್ದಾಡ್ತೀರೋ. ಇಂಡಸ್ಟ್ರಿಯಲ್ ಸೈಕಾಲಜಿ ಮಾಡಿ, ಎಚ್‌ಆರ್‌ಗೆ ಬನ್ನಿ. ಸಂಬಳ ಟೈಮಿಗೆ ಬರುತ್ತೆ.

ಪ್ರವೀಣ್: ಜನರನ್ನು ಕೆಲಸದಿಂದ ತೆಗೆಯೋಕೆ ಸೈಕಾಲಜಿ ಯಾಕೆ ಸರ್?

ಲೋಕೇಶ್: ಸೆಲೆಕ್ಷನ್ ಟೆಸ್ಟ್, ಟ್ರೈನಿಂಗ್, ಕೆಲಸದ ಒತ್ತಡ, ಎಲ್ಲ ನಮ್ಮದೇ. ಮೊದಲು ಸಿಲಬಸ್ ಓದಪ್ಪ.

ನಾಗರಾಜ್: ಇದೆಲ್ಲ ಪರದೇಶದ ವಿದ್ಯೆ. ನಮ್ಮ ಮಣ್ಣಿಗೆ ಒಗ್ಗಲ್ಲ.

ರೂಪಾ: ಅಣ್ಣಾ, ಮೈಸೂರು ವಿಶ್ವವಿದ್ಯಾಲಯದಲ್ಲಿ ಸೈಕಾಲಜಿ ವಿಭಾಗ ಶುರುವಾಗಿದ್ದು 1924ರಲ್ಲಿ. ಕಟ್ಟಿದವರು ಎಂ.ವಿ. ಗೋಪಾಲಸ್ವಾಮಿ. 1935ರಲ್ಲಿ ಮೈಸೂರಲ್ಲಿ ‘ಆಕಾಶವಾಣಿ’ ರೇಡಿಯೋ ನಿಲಯ ಶುರು ಮಾಡಿದ್ದೂ ಅವರೇ. ಬಿನೆ ಬುದ್ಧಿಮತ್ತೆ ಪರೀಕ್ಷೆಯನ್ನು ವಿ.ವಿ. ಕಾಮತ್ ಕನ್ನಡ, ಮರಾಠಿ ಮಕ್ಕಳಿಗೆ ಹೊಂದಿಸಿದ್ದು 1930ರ ದಶಕದಲ್ಲಿ. ನೂರು ವರ್ಷ ಆದರೂ ಇನ್ನೂ ಒಗ್ಗಿಲ್ವಾ?

ನಾಗರಾಜ್: ನೀನು ಹುಟ್ಟುವ ಮುಂಚೆಯೇ ನಾನು ಮೇಷ್ಟ್ರು ಆಗಿದ್ದೆ ಕಣಮ್ಮ.

ಲೋಕೇಶ್: ಬೆತ್ತದ ಮೇಷ್ಟ್ರು 😄

ಅಡ್ಮಿನ್: ವೈಯಕ್ತಿಕ ಮಾತು ಬೇಡ.

ಗಿರಿಜಾ: ಬೆರಳಚ್ಚು ನೋಡಿ ಮಗು ಯಾವ ಕೋರ್ಸ್ ಮಾಡಬೇಕು ಅಂತ ಹೇಳ್ತಾರಲ್ಲ, ಡಿಎಂಐಟಿ, ಅದನ್ನು ಮಾಡಿಸಬಹುದಾ? ಡಿಸ್ಕೌಂಟ್ ಇದೆ.

ಶಶಿಕಲಾ: ಬೆರಳ ಗೆರೆಯಲ್ಲಿ ಬುದ್ಧಿ, ಕೋರ್ಸ್ ಯಾವುದೂ ಬರೆದಿರುವುದಿಲ್ಲ. ಅದಕ್ಕೆ ವೈಜ್ಞಾನಿಕ ಆಧಾರ ಇಲ್ಲ. ದುಡ್ಡು ಉಳಿಸಿ.

ಗಿರಿಜಾ: ಕೇಳಿದ್ದಕ್ಕೆ ಹೀಗಾ ಹೇಳೋದು ಮೇಡಂ?

ಕಾವ್ಯ: ಮೇಡಂ, ಸೂಪರ್‌ವೈಸರ್ ಹೆಡ್‌ಮಾಸ್ಟರ್ ಹತ್ತಿರ ಮಾತಾಡಿದರು. ನಾಳೆ ಅಪ್ಪ ಅಮ್ಮ ಬರ್ತಾರೆ. ಟೀಚರ್ ಒಬ್ಬರು ಅವಳು ನಿಂತುಬಿಟ್ಟಾಗ ವಿಡಿಯೋ ಮಾಡಿದ್ದಾರೆ, ನನಗೂ ಬಂದಿದೆ. ಗುಂಪಿಗೆ ಹಾಕಲಾ?

ಶಶಿಕಲಾ: ಖಂಡಿತ ಬೇಡ, ನನಗೂ ಕಳಿಸಬೇಡಿ. ವಿಡಿಯೋ ತಂದೆತಾಯಿಗೆ ಕೊಡಿ, ಡಾಕ್ಟರಿಗೆ ತೋರಿಸಲಿ, ಅವರಿಗೆ ಅದು ತುಂಬಾ ಉಪಯೋಗ ಆಗುತ್ತೆ. ಆಮೇಲೆ ನಿಮ್ಮ ಫೋನು, ಟೀಚರ್ ಫೋನು ಎರಡರಿಂದಲೂ ಅಳಿಸಿ. ಕೇಸ್ ರಿಪೋರ್ಟ್‌ಗೆ ಬೇರೆ ಮಗು ನೋಡಿಕೊಳ್ಳಿ.

ಮಂಜು: ದೂರಶಿಕ್ಷಣದಲ್ಲಿ ಎಂಎ ಮಾಡಿದರೆ ಕ್ಲಿನಿಕ್ ಹಾಕಬಹುದಾ ಮೇಡಂ?

ರೂಪಾ: ಸ್ಪೋರ್ಟ್ಸ್ ಸೈಕಾಲಜಿ ಬಗ್ಗೆ ಕೇಳಿದ್ದೆ...

ಅಡ್ಮಿನ್: ಮೇಡಂ ಆಫ್‌ಲೈನ್ ಆಗಿದ್ದಾರೆ. ಕಾಮೆಂಟ್ ಮುಚ್ಚುತ್ತಿದ್ದೇನೆ.